ಜೋಡಿ ಬೀಗ ಹಾಕಿ ಆಡಿದ ಆಟ

ಇಬ್ಬರು ಕೂಡಿ ಕೊಂಡ ಮಾಲನ್ನು ಹೇಗೆ ಕಾಯ್ದಿಡಬೇಕು ಎಂದು ಯಾರು ಕೇಳಿದರೂ ನಾನು ಒಂದೇ ಮಾತು ಹೇಳುತ್ತಿದ್ದೆ: ಬಾಗಿಲಿಗೆ ಎರಡು ಬೀಗ ಹಾಕಿ, ಒಂದರ ಕೀಲಿ ನಿಮ್ಮ ಜೇಬಿನಲ್ಲಿರಲಿ, ಇನ್ನೊಂದರದು ಅವನ ಜೇಬಿನಲ್ಲಿರಲಿ. ಶಿಕಾರಿಪುರದಲ್ಲಿ ನಮ್ಮಪ್ಪ ಹಮಾಲಿ ಮಾಡುತ್ತಿದ್ದ ಭತ್ತದ ಗೋದಾಮಿನಲ್ಲಿ ಕಂಡು ಕಲಿತ ಪಾಠ ಅದು. ಶಿಕಾರಿಪುರದವನೊಬ್ಬ, ಸೊರಬದವನೊಬ್ಬ ಸೇರಿ ಭತ್ತ ಕೊಂಡಿಟ್ಟರೆ ಆ ಬಾಗಿಲಿಗೆ ಜೋಡಿ ಬೀಗ ಬೀಳುತ್ತಿತ್ತು. ಒಬ್ಬ ಬಂದು ಇನ್ನೊಬ್ಬ ಬಾರದಿದ್ದರೆ ಚೀಲ ಅಲುಗುವಂತಿರಲಿಲ್ಲ. ಅದು ಅನುಮಾನಕ್ಕೆ ಹಾಕಿದ ಬೀಗವಲ್ಲ, ಸ್ನೇಹ ಉಳಿಯಲಿ ಎಂದು ಹಾಕಿದ್ದು ಎನ್ನುತ್ತಿದ್ದ ಅಪ್ಪ.

ಈಗ ಆ ಸಲಹೆಗೆ ಇನ್ನೊಂದು ಮಾತು ಸೇರಿಸುತ್ತೇನೆ. ಬೀಗ ಹಾಕುವ ಮೊದಲು ಯಾವುದು ಬಾಗಿಲು, ಯಾವುದು ಮಾಲು ಎಂದು ನೋಡಿಕೊಳ್ಳಿ.

ಹಳೆಯ ಟಿವಿ, ಮಿಕ್ಸರ್, ಕಂಪ್ಯೂಟರ್ ಕೊಂಡು, ರಿಪೇರಿ ಮಾಡಿ ಮಾರುವುದು ನನ್ನ ಕಸುಬು. ಯಾರೂ ಕೈಹಿಡಿದು ಕಲಿಸಲಿಲ್ಲ. ಕೆಟ್ಟ ರೇಡಿಯೋ ಬಿಚ್ಚಿ ಬಿಚ್ಚಿ ಕಲಿತೆ, ಜನರ ಮುಖ ನೋಡಿ ನೋಡಿ ವ್ಯಾಪಾರ ಕಲಿತೆ. ಸೊರಬದಲ್ಲಿ ವಿಡಿಯೋ ಗೇಮ್ ಅಂಗಡಿಯೊಂದು ಮುಚ್ಚುತ್ತಿದೆ, ಸಾಮಾನೆಲ್ಲ ಹೋಲ್‌ಸೇಲಾಗಿ ಕೊಡುತ್ತಾರೆ ಎಂದು ಸುದ್ದಿ ಬಂದಾಗ ಬೆಳಗಿನ ಬಸ್ಸಿಗೇ ಹೋದೆ. ನನಗಿಂತ ಮೊದಲು ಅಲ್ಲೊಬ್ಬರು ನಿಂತಿದ್ದರು. ಜಡೆ ಊರಿನ ಕಡೆಯ ಗೌಡರು. ಗದ್ದೆ, ತೋಟ ಇರುವ ಮನುಷ್ಯ. ಇನ್ವರ್ಟರ್ ನೋಡಲು ಬಂದಿದ್ದವರು ಅದನ್ನು ಬಿಟ್ಟು ಮೂಲೆಯಲ್ಲಿದ್ದ ಹಳೆಯ ಗೇಮ್ ಮೆಷಿನ್ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ಅದರೊಳಗೆ ಒಂದೇ ಒಂದು ಡಿಸ್ಕ್. ಪರದೆಯ ಮೇಲೆ ಕೋಟೆ, ಕತ್ತಿ, ಒಂದು ಡ್ರ್ಯಾಗನ್.

ಅಂಗಡಿಯವನು ನಮ್ಮಿಬ್ಬರನ್ನು ಒಬ್ಬರ ಮೇಲೊಬ್ಬರನ್ನು ಏರಿಸಿ ಬೆಲೆ ಹೆಚ್ಚಿಸಲು ನೋಡಿದ. ಗೌಡರು ನನ್ನ ಕಡೆ ಒಮ್ಮೆ ನೋಡಿ, ಕಣ್ಣಲ್ಲೇ ನಕ್ಕು, "ನಂಗೆ ಬ್ಯಾಡ ಮಾರಾಯ್ರೆ, ಇವ್ರೇ ತಗಳ್ಲಿ" ಎಂದು ಎದ್ದರು. ನಾನೂ "ನನಗೂ ಬ್ಯಾಡ ಬಿಡ್ರಿ, ಗುಜರಿ ಅದು" ಎಂದು ಮೆಟ್ಟಿಲಿಳಿದೆ. ಅಂಗಡಿಯವನು ಹಿಂದಿನಿಂದ ಕೂಗಿ ಕರೆದು ಬೆಲೆ ಇಳಿಸಿದ. ಮುಖ ಪರಿಚಯವೂ ಇಲ್ಲದ ಇಬ್ಬರು ಒಂದು ಮಾತೂ ಆಡದೆ ಹೀಗೆ ಒಂದಾಗುವುದು ವ್ಯಾಪಾರದಲ್ಲಿ ಅಪರೂಪ. ಆ ಕ್ಷಣವೇ ಮನುಷ್ಯ ನನಗೆ ಹಿಡಿಸಿಬಿಟ್ಟರು.

ಅರ್ಧರ್ಧ ದುಡ್ಡು ಹಾಕಿ ಕೊಂಡೆವು, ಮೆಷಿನ್ ಇಬ್ಬರದೂ ಎಂದಾಯಿತು. ಇಡುವುದೆಲ್ಲಿ? ನಾನು ಜೋಡಿ ಬೀಗದ ಮಾತು ತೆಗೆದೆ. ಮೆಷಿನ್ ನನ್ನ ಅಂಗಡಿಯಲ್ಲಿ. ಆಟ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಕಾರ್ಡ್, ಬೆಂಕಿಪೊಟ್ಟಣದಷ್ಟೂ ದಪ್ಪವಿಲ್ಲದ್ದು, ಅವರ ಜೇಬಿನಲ್ಲಿ. ಕಾರ್ಡ್ ಇಲ್ಲದೆ ನಾನು ಮುಂದೆ ಹೋಗಲಾರೆ, ಮೆಷಿನ್ ಇಲ್ಲದೆ ಅವರು ಹೋಗಲಾರರು.

"ಭಾರೀ ತಲೆ ಸಾಹೇಬ್ರೆ ನಿಮ್ದು" ಎಂದರು ಗೌಡರು.

"ಇನ್ನೊಂದೈತ್ರಿ. ಫೋನಿನ್ಯಾಗ ಮುಂದೇನಾಗ್ತದ ಅಂತ ಹುಡುಕಂಗಿಲ್ಲ. ಇಬ್ರೂ ಕೂಡಿ ಮುಗಸ್ಬೇಕು."

"ಕಾರ್ಡ್ ಮೇಲೆ ಆಣೆ" ಎಂದು ಅದನ್ನು ಅಂಗೈಯಲ್ಲಿಟ್ಟು ಮುಚ್ಚಿದರು.

ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿ ಬಂದ ಮೇಲೆ ನಾನು ಶಟರ್ ಅರ್ಧ ಇಳಿಸುತ್ತಿದ್ದೆ. ಗೌಡರು ಪೇಟೆ ಕೆಲಸದ ನೆಪ ಹೇಳಿ ಬಸ್ಸಿನಲ್ಲಿ ಬರುತ್ತಿದ್ದರು. ಕಂಟ್ರೋಲರ್ ನನ್ನ ಕೈಯಲ್ಲಿ, ಮಾತು ನನ್ನ ಎಡಕ್ಕೆ ಕೂತ ಅವರ ಬಾಯಲ್ಲಿ. ಆಟದಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಾರೆ. ಪರದೆಯ ಕೆಳಗೆ ಅಕ್ಷರ ಒಂದೊಂದಾಗಿ ಟಕಟಕ ಮೂಡುತ್ತದೆ. ನನಗೆ ಬೋರ್ಡು ಓದುವಷ್ಟು ಇಂಗ್ಲಿಷ್ ಬರುತ್ತದೆ, ಅಷ್ಟೇ. ಪಿಯುಸಿ ಓದಿದ್ದ ಗೌಡರು ಸಾಲು ತುಂಬುವ ತನಕ ಕಾದು, ನೆತ್ತಿ ಕೆರೆದುಕೊಂಡು, ತಮ್ಮೂರ ಮಾತಿನಲ್ಲಿ ಹೇಳುತ್ತಿದ್ದರು. ಬೆಂಕಿಯುಗುಳುವ ಡ್ರ್ಯಾಗನ್ನು ಅವರ ಬಾಯಲ್ಲಿ "ಎಂತಕ್ಕೆ ಬಂದ್ರಾ ಇಲ್ಲಿ? ಮನೇಲಿ ಹೇಳಿ ಬಂದೀರಾ?" ಎನ್ನುತ್ತಿತ್ತು. ನಾನು ನಕ್ಕು ನಕ್ಕು ಗುಂಡಿ ತಪ್ಪಿ ಒತ್ತಿ, ಒಬ್ಬ ಸೈನಿಕನನ್ನು ಸಾಯಿಸಿಬಿಡುತ್ತಿದ್ದೆ.

ಆ ಆಟದಲ್ಲಿ ನನಗೆ ಸಿಟ್ಟು ಬರುತ್ತಿದ್ದದ್ದು ಅಂಗಡಿಗಳಲ್ಲಿ. ಅಲ್ಲಿಯವರು ಒಂದು ಬೆಲೆ ಹೇಳಿದರೆ ಮುಗಿಯಿತು, ಚೌಕಾಸಿಗೆ ಗುಂಡಿಯೇ ಇಲ್ಲ. ಕೊಂಡದ್ದನ್ನು ಅದೇ ಗಳಿಗೆ ವಾಪಸ್ ಕೊಟ್ಟರೆ ಅರ್ಧ ಬೆಲೆ. ಇಂಥವರ ಬಳಿ ಏನೂ ಮಾರಬಾರದೆಂದು ನಾನು ದಾರಿಯಲ್ಲಿ ಸಿಕ್ಕ ಔಷಧಿ ಸೀಸೆ, ಗಿಡಮೂಲಿಕೆ, ಉಂಗುರ ಎಲ್ಲವನ್ನೂ ಕೂಡಿಡುತ್ತಿದ್ದೆ. "ಗಾಯ ಆಗಿದೆ ಮಾರಾಯ್ರೆ, ಒಂದ್ ಸೀಸೆ ಕುಡಿಸಿ ಅವ್ನಿಗೆ" ಎಂದು ಗೌಡರು ಗೋಗರೆದರೂ ಬಿಚ್ಚುತ್ತಿರಲಿಲ್ಲ. ನನ್ನ ಅನುಭವ ಕೇಳಿ: ಕೊನೆಯ ಊರು ಯಾವುದೆಂದು ತಿಳಿಯದವನು ಬುತ್ತಿ ಖಾಲಿ ಮಾಡಬಾರದು.

ನಮ್ಮ ತಂಡದಲ್ಲಿ ಒಬ್ಬ ಕತ್ತಿವೀರನಿದ್ದ. ಬಂದರಿನ ಊರೊಂದರಲ್ಲಿ ತಾನಾಗಿ ಬಂದು ಸೇರಿಕೊಂಡವನು. ಅವನ ಊರು ಸುಟ್ಟುಹೋಗಿತ್ತಂತೆ, ಸೇಡು ತೀರಿಸಿಕೊಳ್ಳಬೇಕಂತೆ. ಕೂಲಿ ಕೇಳಲಿಲ್ಲ. ಕೂಲಿ ಕೇಳದೆ ಬಂದವನನ್ನು ನನ್ನ ಅಂಗಡಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳಲಾರೆ, ಆದರೆ ಇವನ ಏಟು ನೋಡಬೇಕಿತ್ತು! ಒಂದೇ ಬೀಸಿಗೆ ಎದುರಿನವರು ಮಾಯ. ಗೌಡರಿಗೂ ಅವನೆಂದರೆ ಪ್ರಾಣ. "ನಮ್ಮ ಅಳಿಯ" ಎಂದೇ ಕರೆಯುತ್ತಿದ್ದರು. ಒಳ್ಳೆಯ ಕವಚ ಸಿಕ್ಕರೆ ಮೊದಲು ಅಳಿಯನಿಗೆ, ಒಳ್ಳೆಯ ಕತ್ತಿ ಸಿಕ್ಕರೆ ಅದೂ ಅಳಿಯನಿಗೆ.

ಹೀಗೆ ಆಡುತ್ತ ಕೊನೆಯ ಗವಿಗಳ ಬಾಯಿಗೆ ಬಂದೆವು. ಮೊದಲು ನೀರೊಳಗಿನ ಗವಿ, ಅದನ್ನು ದಾಟಿದರೆ ಬೆಟ್ಟದ ಹೊಟ್ಟೆಯಲ್ಲಿ ತಲೆಕೆಳಗಾದ ಗೋಪುರ, ಅದರ ತಳದಲ್ಲಿ ಕಪ್ಪು ಕೋಟೆ. ಅಷ್ಟರಲ್ಲಿ ದಾವಣಗೆರೆಯಲ್ಲಿ ನನ್ನ ಹೆಂಡತಿಯ ಕಡೆಯ ಮದುವೆ ಬಂತು, ಹಿಂದೆಯೇ ಅಂಗಡಿಯ ಕೆಲಸ. ಕೆಲವು ಶುಕ್ರವಾರ ತಪ್ಪಿದವು. ಮತ್ತೆ ಕೂತಾಗ ಗೌಡರು ಕಾರ್ಡ್ ತೆಗೆದು ಮೆಷಿನ್ನಿಗೆ ಸಿಕ್ಕಿಸಿದರು. ಬಿಟ್ಟಲ್ಲೇ ಇತ್ತು ಆಟ, ನೀರಿನ ಗವಿಯ ಬಾಗಿಲಲ್ಲಿ.

ವ್ಯಾಪಾರದವನ ಕಣ್ಣಿಗೆ ಕೆಲವು ಸಂಗತಿ ಬೇಡವೆಂದರೂ ಬೀಳುತ್ತವೆ. ಒಳಗೆ ದಾರಿ ಕವಲೊಡೆದಲ್ಲಿ ನಾವು ಯಾವಾಗಲೂ ಜಗಳವಾಡುತ್ತಿದ್ದೆವು. ಅಂದು ಗೌಡರು ಜಗಳವಾಡಲಿಲ್ಲ. "ಎಡಕ್ಕೆ ಹೋಗನ" ಎಂದರು, ಎಡಕ್ಕೇ ದಾರಿ ಇತ್ತು. ಮೂಲೆಯಲ್ಲೊಂದು ಪೆಟ್ಟಿಗೆ ಕಂಡು ನಾನು ಓಡಿದರೆ, "ಬ್ಯಾಡ, ಅದು ಕಚ್ಚತ್ತೆ" ಎಂದರು. ನಾನು ಮುಟ್ಟಿದೆ, ಪೆಟ್ಟಿಗೆ ಬಾಯ್ತೆರೆದು ಕಚ್ಚಿತು. ಹಿಂದೆಯೂ ಕಚ್ಚುವ ಪೆಟ್ಟಿಗೆ ಸಿಕ್ಕಿದ್ದವಲ್ಲ, ಅಂದಾಜಿನಲ್ಲಿ ಹೇಳಿರಬೇಕು ಎಂದುಕೊಂಡೆ. ಮುಂದಿನ ಶುಕ್ರವಾರ ಗೋಪುರದಲ್ಲಿ ಮುದಿ ಮಂತ್ರವಾದಿಯೊಬ್ಬ ಮಾತಿಗೆ ನಿಂತ. ಅಕ್ಷರಗಳು ಮೂಡತೊಡಗಿದವು. ಸಾಲು ಇನ್ನೂ ಅರ್ಧವಾಗಿರಲಿಲ್ಲ, ಗೌಡರು ಅರ್ಥ ಹೇಳಿ ಮುಗಿಸಿದ್ದರು: "ಈ ಬಾಗಿಲು ದಾಟಿದ್ರೆ ವಾಪಸ್ ಬರಕ್ಕಾಗಲ್ಲ ಅಂತಾನೆ."

ನೆತ್ತಿ ಕೆರೆದುಕೊಳ್ಳಲಿಲ್ಲ. ನನ್ನ ಕೈ ಗುಂಡಿಯ ಮೇಲೆ ನಿಂತಿತು. ಆದರೂ ಕೇಳಲಿಲ್ಲ. ಒಳ್ಳೆಯ ಗಿರಾಕಿಯ ಮೇಲೆ ಅನುಮಾನ ಬಂದಾಗ ಎರಡನೇ ಸಲ ನೋಡದೆ ಬಾಯಿ ತೆರೆಯಬಾರದು.

ಅದರ ಮುಂದಿನ ಶುಕ್ರವಾರ ಕೋಟೆ ಮುಟ್ಟಿದೆವು. ಕೋಟೆಯ ಮುಂದೆ ಹೊಳೆಯುವ ಕಲ್ಲೊಂದಿತ್ತು. ಆಟವನ್ನು ಕಾರ್ಡಿನಲ್ಲಿ ಉಳಿಸುವ ಜಾಗ. ನಾನು ಅಳಿಯನಿಗೆ ಗೋಪುರದಲ್ಲಿ ಸಿಕ್ಕ ಹೊಸ ಕತ್ತಿ ಕೊಡುತ್ತಿದ್ದೆ. ಗೌಡರು ಚಹಾ ಲೋಟ ಕೆಳಗಿಟ್ಟರು.

"ಸಾಹೇಬ್ರೆ, ಒಂದ್ ಮಾತು. ಅವ್ನ ಮೈಮೇಲಿರದೆಲ್ಲ ತೆಗ್ದು ಬೇರೆಯವ್ರಿಗೆ ಹಾಕಿ."

"ಯಾರ್ದು? ಅಳಿಯಂದಾ?"

"ಹೂಂ."

"ಯಾಕ್ರೀ?"

"ಸುಮ್ನೆ. ಹಂಗನ್ನಿಸ್ತು."

ನಾನು ಅವರ ಮುಖ ನೋಡಿದೆ. ಅವರು ಪರದೆ ನೋಡುತ್ತಿದ್ದರು. ಅಳಿಯನ ಕಾಲಿನ ಬೂಟನ್ನೂ ತಾವೇ ಆರಿಸಿದ್ದ ಮನುಷ್ಯ ಇವರು. ನಾನು ಏನನ್ನೂ ತೆಗೆಯಲಿಲ್ಲ. ಹೊಸ ಕತ್ತಿ ಅವನ ಕೈಯಲ್ಲೇ ಇಟ್ಟು, ಕಲ್ಲಿನ ಬಳಿ ಆಟ ಉಳಿಸಿ, ಕೋಟೆಯ ಬಾಗಿಲು ದಾಟಿದೆ. ಮಾಲಿನ ಲೋಪ ತಿಳಿಯಬೇಕಾದರೆ ಒಮ್ಮೊಮ್ಮೆ ಕೈಯಿಂದ ಕಳೆದುಕೊಂಡೇ ತಿಳಿಯಬೇಕು.

ಬಾಗಿಲು ಹಿಂದೆ ಮುಚ್ಚಿಕೊಂಡಿತು. ಅಳಿಯ ತಂಡದಿಂದ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತ. ಏನೋ ಹೇಳಿದ. ನಮ್ಮ ಕವಚ, ನಮ್ಮ ಉಂಗುರ, ನಮ್ಮ ಕತ್ತಿ ಎಲ್ಲದರ ಸಮೇತ ಕತ್ತಲೆಯೊಳಗೆ ನಡೆದುಹೋದ. ತಂಡದ ಪಟ್ಟಿಯಲ್ಲಿ ಅವನ ಜಾಗ ಖಾಲಿ.

ಅವನು ಹೋದದ್ದು ನನಗೆ ಅಷ್ಟು ಬಾಧಿಸಲಿಲ್ಲ. ನಾನು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಗೌಡರನ್ನು ನೋಡುತ್ತಿದ್ದೆ. ಡ್ರ್ಯಾಗನ್ ಬಂದರೆ ಕುರ್ಚಿಯಿಂದ ಏಳುತ್ತಿದ್ದ ಮನುಷ್ಯ ಅಳಿಯ ಕೈಕೊಟ್ಟು ಹೋದಾಗ ರೆಪ್ಪೆಯನ್ನೂ ಬಡಿಯಲಿಲ್ಲ.

"ಫೋನಿನ್ಯಾಗ ನೋಡಿದ್ರಿ" ಎಂದೆ.

"ಇಲ್ಲ."

"ಆಣೆ ಇಟ್ಟೀರಿ ಗೌಡ್ರೆ."

"ಆಣೆ ತಪ್ಪಿಲ್ಲ. ನೋಡ್ಲಿಲ್ಲ ನಾನು." ಚಹಾ ಲೋಟ ಪಕ್ಕಕ್ಕೆ ಸರಿಸಿ ಹೇಳಿದರು: "ಆಡ್ದೆ."

ಶಿವಮೊಗ್ಗದಲ್ಲಿ ಇಂಥದೇ ಮೆಷಿನ್, ಇಂಥದೇ ಡಿಸ್ಕ್ ಸಿಕ್ಕಿತಂತೆ. ನಾನು ಮದುವೆ, ಅಂಗಡಿ ಎಂದು ಓಡಾಡುವಾಗ ಅವರು ಮನೆಯಲ್ಲಿ ನಮ್ಮ ಕಾರ್ಡ್ ಹಾಕಿ ಕೂತಿದ್ದರು. ಆಟವನ್ನು ಇನ್ನೊಂದು ಕಾರ್ಡಿಗೆ ಇಳಿಸಿಕೊಂಡು, ನಮ್ಮದನ್ನು ಇದ್ದಂತೆಯೇ ಬಿಟ್ಟು, ಆ ಇನ್ನೊಂದರಲ್ಲಿ ಕೊನೆಯವರೆಗೂ ಆಡಿ ಮುಗಿಸಿದ್ದರು.

ಆಗಲೇ ನನಗೆ ಹೊಳೆದದ್ದು. ನಾನು ಮೆಷಿನ್ನನ್ನು ಗೋದಾಮು ಎಂದೂ, ಕಾರ್ಡನ್ನು ಕೀಲಿ ಎಂದೂ ತಿಳಿದಿದ್ದೆ. ಭತ್ತ ಇದ್ದದ್ದು ಕಾರ್ಡಿನಲ್ಲಿ. ಮೆಷಿನ್ ಬರೀ ಬಾಗಿಲು, ಅಂಥ ಬಾಗಿಲು ಯಾವ ಊರಲ್ಲಾದರೂ ಸಿಗುತ್ತದೆ. ಮಾಲೆಲ್ಲ ಅವರ ಜೇಬಿಗೆ ಕೊಟ್ಟು, ಖಾಲಿ ಗೋದಾಮನ್ನು ನಾನು ಶುಕ್ರವಾರದಿಂದ ಶುಕ್ರವಾರಕ್ಕೆ ಕಾದಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವನು ನಾನು!

"ಯಾಕ್ರೀ ಹಿಂಗ ಮಾಡಿದ್ರಿ?" ಎಂದೆ.

"ಒಂದ್ ಯುದ್ಧನಾದ್ರೂ ನನ್ ಕೈಗೆ ಕೊಟ್ರಾ ನೀವು? ಒಂದ್ಸಲ ನನ್ ಕೈಯಾರೆ ಹೊಡೀಬೇಕು ಅನ್ನಿಸ್ತು. ಅಷ್ಟೇಯ."

"ಕೇಳ್ಬೇಕಾಗಿತ್ತು."

"ಎಂತ ಕೇಳದು ಮಾರಾಯ್ರೆ, ನೀವು ಆ ಕಂಟ್ರೋಲರ್ ಕೈಯಿಂದ ಕೆಳಗಿಟ್ರೆ ಅಲ್ವಾ ಕೇಳದು?"

ಕೇಳಿದ್ದರೆ ಕೊಡುತ್ತಿದ್ದೆ. ಇದು ಇಂದಿಗೂ ನನ್ನ ಮಾತು. ಬೆಲೆ ಸಾಲದೆನ್ನುವವನು ಬಾಯಿಬಿಟ್ಟು ಹೇಳಬೇಕು, ಸುಮ್ಮನೆ ತೂಕ ಕಡಿಮೆ ಮಾಡಬಾರದು. ಅದನ್ನೇ ಅವರಿಗೂ ಹೇಳಿದೆ. ಇನ್ನೊಂದೂ ಹೇಳಿದೆ: "ಮುಗ್ಸೀರಿ, ಆತು. ಇಷ್ಟು ಶುಕ್ರವಾರ ನನ್ನ ಮುಂದ ಕುಂತು, ಏನೂ ಗೊತ್ತಿಲ್ದವ್ರಂಗ ಚಹಾ ಕುಡದ್ರಲ್ಲ, ಅದು ಹೆಂಗ್ ಸಾಧ್ಯ ಆತ್ರೀ?"

"ಅಳಿಯ ಹೋಗದು ನಂಗೆ ಗೊತ್ತಿತ್ತು. ನಿಮಗೆ ಲುಕ್ಸಾನಾಗದು ಬ್ಯಾಡ ಅಂತ ಬಾಯ್ಬಿಟ್ಟೆ" ಎಂದರು. "ಬಾಯ್ಬಿಡದೆ ಇದ್ದಿದ್ರೆ ನಿಮಗೆ ಗೊತ್ತೇ ಆಗ್ತಿರ್ಲಿಲ್ಲ."

ಅದು ನಿಜವಲ್ಲ. ಗೊತ್ತಾಗುತ್ತಿತ್ತು. ಸ್ವಲ್ಪ ತಡವಾಗಿ ಗೊತ್ತಾಗುತ್ತಿತ್ತು, ಅಷ್ಟೇ.

"ಕೊನೇಗೆ ಎಂತಾಗತ್ತೆ ಅಂತ ಹೇಳ್ಲಾ?" ಎಂದರು ಎದ್ದು ನಿಂತು, ಸಮಾಧಾನ ಮಾಡುವವರಂತೆ.

"ಹೇಳ್ಬ್ಯಾಡ್ರಿ!" ಎಂದು ಕಿರುಚಿದೆ. ಒಳಗಿನಿಂದ ನನ್ನ ಹೆಂಡತಿ ಓಡಿ ಬಂದಳು. ಗೌಡರು ಮೆಷಿನ್ನಿನಿಂದ ಕಾರ್ಡ್ ಕಿತ್ತು, ಟೇಬಲ್ಲಿನ ಮೇಲೆ ನನ್ನ ಕಡೆ ಸರಿಸಿ, ಅವಳಿಗೆ "ಬರ್ತೀನಿ ತಂಗಿ" ಎಂದು ಹೇಳಿ ಶಟರಿನ ಕೆಳಗೆ ಬಗ್ಗಿ ಹೊರಟರು. ನನಗೆ ಹೇಳಲಿಲ್ಲ. ನಾನೂ ಕರೆಯಲಿಲ್ಲ. ಕಾರ್ಡ್ ಈಗ ಇದ್ದರೇನು, ಹೋದರೇನು? ಹಿಂಡಿದ ಕಬ್ಬು.

ಕೆಲವು ವಾರ ಬಿಟ್ಟು ಒಬ್ಬನೇ ಕೂತೆ. ಹೊಳೆಯುವ ಕಲ್ಲಿನಿಂದಲೇ ಆಟ ಮತ್ತೆ ಶುರುವಾಯಿತು. ಅಳಿಯ ಇನ್ನೂ ತಂಡದಲ್ಲೇ ಇದ್ದ, ಮೈತುಂಬ ನಮ್ಮ ಮಾಲು ಹೊತ್ತು. ಬಿಚ್ಚಿಕೊಳ್ಳಬಹುದಿತ್ತು. ಗೌಡರ ಮಾತಿನಂತೆ ನಡೆದ ಹಾಗಾಗುತ್ತದೆ ಎಂದು ಬಿಚ್ಚಲಿಲ್ಲ. ಅವನು ಹೋದ. ಕೂಡಿಟ್ಟ ಸೀಸೆ, ಮೂಲಿಕೆ ಎಲ್ಲ ಅಂದು ಬಿಚ್ಚಿದೆ. ಬಿದ್ದವರನ್ನು ಎಬ್ಬಿಸಿ, ಬಳಲಿದವರಿಗೆ ಕುಡಿಸಿ, ಕತ್ತಿಯಿಲ್ಲದ ತಂಡವನ್ನು ತಳ್ಳಿಕೊಂಡು ಕೊನೆಯ ಬಾಗಿಲು ಮುಟ್ಟಿದೆ.

ಬಾಗಿಲಿಗೆ ಅಡ್ಡ ನಿಂತಿದ್ದವನು ಅವನೇ. ಅದೇ ಬೂಟು. ಮಾತಿಗೆ ತೊಡಗಿದ. ಅಕ್ಷರ ಒಂದೊಂದಾಗಿ ಮೂಡಿ ಸಾಲು ತುಂಬಿತು, ಮೂಲೆಯಲ್ಲಿ ಪುಟ್ಟ ಬಾಣ ಮಿನುಗತೊಡಗಿತು. ಗುಂಡಿ ಒತ್ತಿದರೆ ಮುಂದಿನ ಸಾಲು. ನನ್ನ ಎಡಕಿವಿ ಸುಮ್ಮನೆ ಕಾಯುತ್ತಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: "ಏನಂತೆ ಅವಂದು?"

"ಏನೋ ಸಬೂಬು ಹೇಳ್ತಾನ."

"ಏನಂತ?"

"ಗೊತ್ತಿಲ್ಲ."

ಫೋನ್ ಹಿಡಿದರೆ ಅದೇ ಓದಿ ಹೇಳುತ್ತದೆ ಎಂದಳು. ಆಣೆ ನೆನಪಾಯಿತು. ಒಬ್ಬ ಮುರಿದ ಎಂದು ಇನ್ನೊಬ್ಬನೂ ಮುರಿಯಬೇಕೆಂದಿಲ್ಲ. ಮೆಷಿನ್ ಆರಿಸಿದೆ.

ಮೊನ್ನೆ ಉಳವಿ ಕಡೆಯ ಗಿರಾಕಿಯೊಬ್ಬ ಮಿಕ್ಸರ್ ಕೊಳ್ಳಲು ಬಂದವನು ಟೇಬಲ್ಲಿನ ಮೇಲಿದ್ದ ಮೆಷಿನ್ ಕಂಡು ಕಣ್ಣರಳಿಸಿದ. ಈಗ ಇಂಥ ಹಳೆಯದಕ್ಕೇ ಬೇಡಿಕೆಯಂತೆ. ಒಳ್ಳೆಯ ಬೆಲೆಯನ್ನೇ ಹೇಳಿದ. ನಾನು ಚೌಕಾಸಿಯನ್ನೂ ಮಾಡಲಿಲ್ಲ.

"ಕೊಡಂಗಿಲ್ರಿ."

"ಯಾಕ್ರೀ ಸಾಹೇಬ್ರೆ? ಕೆಟ್ಟೈತೇನು?"

"ಚಲೋ ಐತಿ. ಪಾಲಿನ ಮಾಲು ಅದು. ಇನ್ನೊಬ್ರನ್ನ ಕೇಳ್ಬೇಕು."

"ಕೇಳ್ರಲ್ಲ ಮತ್ತ. ಫೋನ್ ಹಚ್ರಿ."

"ಹಚ್ಚಂಗಿಲ್ಲ" ಎಂದು ಮಿಕ್ಸರಿನ ಜಾರು ಒರೆಸಿ ಅವನ ಮುಂದಿಟ್ಟೆ.