ಮರ್ಯಾದಸ್ಥರ ಮನೆಯ ಜಂತುಹುಳು

ಕಾಯಿಲೆಗಳಲ್ಲೂ ಮೇಲು ಕೀಳು ಉಂಟು. 'ನಮ್ಮ ಮಗೂಗೆ ಗೋಧಿ ಅಲರ್ಜಿ' ಎನ್ನುವಾಗ ತಾಯಂದಿರ ಕತ್ತು ತುಸು ಉದ್ದವಾಗುವುದನ್ನು ನಮ್ಮ ಬಸವೇಶ್ವರನಗರದಲ್ಲಿ ಬೇಕಾದಷ್ಟು ನೋಡಿದ್ದೇನೆ. 'ನಮ್ಮ ಮಗೂಗೆ ಜಂತುಹುಳು' ಎಂದು ಯಾರೂ ಕತ್ತು ಉದ್ದ ಮಾಡಿದ್ದಿಲ್ಲ.

ನನ್ನ ಮಗಳು ಸಿರಿ ಎರಡನೇ ಕ್ಲಾಸು. ಶಾಲೆಯಲ್ಲಿ ಹುಳದ ಮಾತ್ರೆ ಕೊಡುತ್ತೇವೆ ಎಂಬ ಸುದ್ದಿ ಬಂದದ್ದೇ ತಡ, ತಾಯಂದಿರ ವಾಟ್ಸಾಪ್ ಗುಂಪಿಗೆ ಮೈಮೇಲೆ ಬಂತು. 'ಇದೆಲ್ಲ ನಮ್ಮಂಥವರ ಮಕ್ಕಳಿಗಾ?' ಎಂದು ಒಬ್ಬರು ಕೇಳಿದರು. ಹುಳುಗಳು ವಿಳಾಸ ವಿಚಾರಿಸಿಕೊಂಡು, ತೆರೆದ ಮೋರಿ ಇರುವ ಬೀದಿಗಳಿಗೆ ಮಾತ್ರ ಹೋಗುತ್ತವೆ ಎಂದು ಎಲ್ಲರೂ ಒಪ್ಪಿದೆವು. ನನ್ನ ಯಜಮಾನರು ಮಾತ್ರೆ ಕೊಡುವ ದಿನ ಮಗಳನ್ನು ಶಾಲೆಗೇ ಕಳಿಸಲಿಲ್ಲ.

ಕೆಲವು ತಿಂಗಳಲ್ಲಿ ಸಿರಿ ಸೊರಗಿದಳು. ಸರಿಯಾಗಿ ನಿದ್ದೆಯಿಲ್ಲ, ಕೂತಲ್ಲಿ ಕೂರುವುದಿಲ್ಲ, ಸದಾ ಸಿಡುಕು. ಅತ್ತೆ ದೃಷ್ಟಿ ತೆಗೆದರು. ಯಜಮಾನರು ಏಕಾಗ್ರತೆ ಹೆಚ್ಚಿಸುವ ತರಗತಿಗೆ ಸೇರಿಸಿದರು. ಅಲ್ಲಿ ಪಾಪ, ಮಗು ಕಣ್ಣು ಮುಚ್ಚಿ 'ಓಂ' ಎನ್ನುತ್ತಾ ಕೆರೆದುಕೊಳ್ಳುತ್ತಿತ್ತು. ಎಲ್ಲಿ ಕೆರೆದುಕೊಳ್ಳುತ್ತಿದೆ ಎಂದು ನೋಡುವಷ್ಟು ಏಕಾಗ್ರತೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿನಿಂದ ಕೂಗು ಬಂತು. "ಅಮ್ಮಾ, ಬೇಗ ಬಾ! ಬಿಳೀ ದಾರ ಅಲ್ಲಾಡ್ತಾ ಇದೆ!"

ಹೋಗಿ ನೋಡಿದೆ. ದಾರಕ್ಕೆ ಜೀವವಿತ್ತು.

ಮಾರೇನಹಳ್ಳಿಯ ಡಾಕ್ಟರು ನಕ್ಕು, "ಭಯ ಏನಿಲ್ಲಮ್ಮ. ಮಾತ್ರೆ ಮನೆಯವರೆಲ್ಲ ತಗೋಬೇಕು, ಎರಡು ವಾರ ಬಿಟ್ಟು ಇನ್ನೊಂದ್ ಸಲ. ಉಗುರು ಕತ್ತರಿಸಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀರಿ" ಎಂದರು.

"ನಾವ್ಯಾಕೆ ಸಾರ್? ನಮ್ಮನೇಲಿ ಫಿಲ್ಟರ್ ನೀರು" ಎಂದರು ಯಜಮಾನರು.

"ಅದು ನೀರು ಕುಡಿಯೋಕ್ ಬಂದಿಲ್ಲ ಸಾರ್, ಊಟಕ್ಕೆ ಬಂದಿದೆ."

ಮನೆಯಲ್ಲಿ ಅತ್ತೆ ಮಾತ್ರೆ ನೋಡಿ ಕೆರಳಿದರು. "ನನ್ನ ಹೊಟ್ಟೇಲಿ ಹುಳಾನಾ? ನಾನು ಈರುಳ್ಳೀನೇ ಮುಟ್ಟಲ್ಲ ಕಣೇ!" ಅನುಮಾನ ಮೊದಲು ಕೆಲಸದ ನಾಗಮ್ಮನ ಮೇಲೆ, ಆಮೇಲೆ ಪಾನಿಪುರಿಯವನ ಮೇಲೆ ಬಿತ್ತು, ಮೊಮ್ಮಗಳು ಮೂರು ಹೊತ್ತೂ ಕಚ್ಚುವ ಉಗುರುಗಳ ಮೇಲೆ ಮಾತ್ರ ಬೀಳಲಿಲ್ಲ. ಕೊನೆಗೆ ಸಿರಿಯೇ ಅಜ್ಜಿಯ ತೊಡೆಯೇರಿ, "ಬಾಯಿ ಆ ಮಾಡಜ್ಜಿ, ನಾನೂ ತಿಂದೆ" ಎಂದಳು. ಈರುಳ್ಳಿ ಮುಟ್ಟದ ಬಾಯಿ ತೆರೆಯಿತು.

ಮಗಳು ಚೇತರಿಸಿಕೊಂಡಳು. ರಾತ್ರಿ ಮಲಗಿದರೆ ಬೆಳಿಗ್ಗೆ ಎಬ್ಬಿಸಬೇಕು. ಆದರೆ ಈ ವಿಷಯ ಹೊರಗೆ ಹೇಳಬಾರದೆಂದು ನಾವು ಅವಳಿಗೆ ಹೇಳಲು ಮರೆತಿದ್ದೆವು. ಶಾಲೆಯಲ್ಲಿ ತಾನು ಹುಳು ಕಂಡ ಪ್ರಸಂಗವನ್ನು, ಅಪ್ಪ ಮಾತ್ರೆ ನುಂಗುವಾಗ ಮಾಡಿದ ಮುಖದ ಸಮೇತ, ಇಡೀ ಕ್ಲಾಸಿಗೆ ಅಭಿನಯಿಸಿ ತೋರಿಸಿದಳು.

ಸಂಜೆ ಯಜಮಾನರು ತಲೆಮೇಲೆ ಕೈಹೊತ್ತು ಕೂತರು. ಅಷ್ಟು ಹೊತ್ತಿಗೆ ಸುದ್ದಿ ಮಕ್ಕಳ ಬಾಯಿಂದ ಗುಂಪಿನ ಎಲ್ಲ ತಾಯಂದಿರಿಗೂ ಮುಟ್ಟಿತ್ತು. ನಾನೂ ಹೆದರಿದೆ, ಇನ್ನು ಸಿರಿಯನ್ನು ಯಾರು ಹುಟ್ಟುಹಬ್ಬಕ್ಕೆ ಕರೆಯುತ್ತಾರೆ?

ಅಷ್ಟರಲ್ಲಿ ನನ್ನೊಬ್ಬಳಿಗೇ ಒಂದು ಮೆಸೇಜು ಬಂತು: 'ಮಾತ್ರೆ ಹೆಸರು ಹೇಳ್ತೀರಾ? ನಮ್ಮಕ್ಕನ ಮಗೂಗೆ.' ಹಿಂದೆಯೇ ಇನ್ನೊಂದು, ಮತ್ತೊಂದು. ಎಲ್ಲರ ಅಕ್ಕಂದಿರ ಮಕ್ಕಳಿಗೂ ಒಂದೇ ಸಂಜೆ ಹುಳು! ನನಗೆ ನಗುವೂ ಬಂತು, ಎದೆಯೂ ಹಗುರಾಯಿತು. ಎಲ್ಲರಿಗೂ ಒಂದೇ ಉತ್ತರ ಬರೆದೆ: 'ಮೊದಲು ಅಕ್ಕನ ಮಗೂನ ಡಾಕ್ಟರಿಗೆ ತೋರಿಸೋಕೆ ಹೇಳಿ. ಮನೆಯವರೆಲ್ಲ ಮಾತ್ರೆ ತಗೋಬೇಕಂತೆ. ನೀವೂ ಒಂದು ನುಂಗಿಬಿಡಿ. ಅಕ್ಕನ ಮನೆಗೆ ಹೋಗಿ ಬರ್ತಾ ಇರ್ತೀರಲ್ಲ.'