ನೋಡೋಕೆ ಏನಿದೆ, ಮಣ್ಣು

ನನ್ನ ಸೋದರತ್ತೆ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುತ್ತಿದ್ದಳು. ಒಮ್ಮೆ ಅವಳ ಮೇಜಿಗೆ ಬಂದ ಪ್ರವಾಸಿ ಕೈಪಿಡಿಯಲ್ಲಿ ನಮ್ಮೂರಿಗೆ ಸಿಕ್ಕಿದ್ದು ಒಂದೇ ಸಾಲು: 'ಇಲ್ಲಿ ಬಸ್ಸು ಬದಲಿಸಿ.' ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ನಮ್ಮೂರಿಗೆ ನಾನೇ ಕೈಪಿಡಿ ಬರೀತೀನಿ ಅಂತ ಹಟ ಹಿಡಿದಳು.

ಅವಳ ಗಂಡ, ನಮ್ಮ ಮಾವ, ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮೂರಲ್ಲಿ ನೋಡೋಕೆ ಏನಿದೆ, ಮಣ್ಣು?"

ಯಾರು ಬೇಕಾದರೂ ಆಡುವ ಮಾತು. ಆದರೆ ಪ್ರೂಫ್ ತಿದ್ದುವವಳು ಒಂದಕ್ಷರವನ್ನಾದರೂ ಬಿಟ್ಟಾಳೆಯೇ? ಸೀದಾ ಬಸ್ ನಿಲ್ದಾಣದ ಹಿಂದಿನ ಕುಂಬಾರರ ಓಣಿಗೆ ಹೋದಳು. ಮೂರು ಬಣ್ಣದ ಮಣ್ಣು ತುಳಿಯುವ ಅಂಗಳಗಳು, ಹೊಗೆ ಹಿಡಿದ ಗೂಡುಗಳು, ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ದನಿಗೊಡುವ ಹೂಜಿಗಳು, ಎಲ್ಲವನ್ನೂ ಬರೆದಳು. ಪುಸ್ತಕಕ್ಕೆ 'ಮಣ್ಣು' ಅಂತಲೇ ಹೆಸರಿಟ್ಟಳು.

ಈಗ ಬಸ್ಸು ಬದಲಿಸಲು ಇಳಿದವರು ಓಣಿಯಲ್ಲಿ ನಿಂತು ಬಸ್ಸು ತಪ್ಪಿಸಿಕೊಳ್ಳುತ್ತಾರೆ.

ಮೊನ್ನೆ ನಿಲ್ದಾಣದಲ್ಲಿ ಪರವೂರಿನ ಹೆಂಗಸೊಬ್ಬಳು ಮಾವನನ್ನೇ ಕೇಳಿದಳು, "ಈ ಊರಲ್ಲಿ ನೋಡೋಕೆ ಏನಿದೆ?"

ಮಾವ ಎದೆಯುಬ್ಬಿಸಿ ಹೇಳಿದ, "ಮಣ್ಣು."

ಬೈದನೆಂದುಕೊಂಡು ಆಕೆ ಮುಖ ಗಂಟಿಕ್ಕಿದಳು. ಅಷ್ಟರಲ್ಲಿ ಮಾವ ಆಕೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಓಣಿಯ ಕಡೆ ನಡೆದಾಗಿತ್ತು.