ಬಾಯಲ್ಲಿ ಪಿನ್ನಿರಲಿಲ್ಲ

ಓಣಿಗೆಲ್ಲ ಅವಳು ಪಿನ್ನಕ್ಕ. ಹೊಲಿಗೆ ಅಂಗಡಿಯಲ್ಲಿ ಕೂತರೆ ತುಟಿಗಳ ನಡುವೆ ಸಾಲುಗಟ್ಟಿ ಗುಂಡುಪಿನ್ನು. ಗಿರಾಕಿಗಳ ಜೊತೆ ನಗು, ಜಗಳ, ಚೌಕಾಸಿ ಎಲ್ಲವೂ ಆ ಪಿನ್ನುಗಳ ಸಂದಿಯಿಂದಲೇ. ತೊದಲಿದಂತೆ ಕೇಳುವ ಆ ಮಾತು ಮನೆಯವರಿಗೆ ಅಭ್ಯಾಸವಾಗಿಹೋಗಿತ್ತು. ಅದೇ ಮುಳುವಾಯಿತು.

ಅವತ್ತು ಬೆಳಿಗ್ಗೆ ಒಂದು ಕೋಟಿನ ಅಂಚು ಮಡಚುತ್ತಿದ್ದಾಗ ಬಲಗಡೆಯ ಪಿನ್ನುಗಳು ತಾವಾಗಿ ಉದುರಿದವು. ಉಳಿದವನ್ನು ಉಗುಳಿ ತುಟಿ ಮುಟ್ಟಿ ನೋಡಿಕೊಂಡರೆ ಬೆರಳಿಗೆ ರಕ್ತ. ಪಿನ್ನು ಚುಚ್ಚಿದೆ, ನೋವೇ ಇಲ್ಲ! ಅರ್ಧ ಮುಖ ಬೇರೆ ಯಾರದೋ ಅನ್ನಿಸಿ, ಮುಖ ಜೋಮು ಹಿಡಿದಿದೆ ಎಂದು ಗಂಡನಿಗೆ ಹೇಳಿದಳು.

ಬಟ್ಟೆ ಕತ್ತರಿಸುತ್ತಿದ್ದ ಗಂಡ ತಲೆ ಕೂಡ ಎತ್ತಲಿಲ್ಲ. ದಿನವಿಡೀ ಪಿನ್ನು ಕಚ್ಚಿದರೆ ಜೋಮು ಹಿಡಿಯದೆ ಇನ್ನೇನು, ಹೋಗಿ ಮಲಗು ಅಂದ. ಮಲಗು! ನಮ್ಮ ಮನೆಗಳಲ್ಲಿ ಹೆಂಗಸಿನ ಕಾಯಿಲೆಗೆ ಇರುವುದು ಇದೊಂದೇ ಮದ್ದು. ಅವಳೂ ಏಳಹೊರಟಳು. ಎತ್ತಿಡಲು ಹೋದ ಕತ್ತರಿ ಬಲಗೈಯಿಂದ ಜಾರಿ ಬಿತ್ತು. ಆ ಕೈ ಹೋದರೆ ಅವಳಿಗೆ ಉಳಿಯುವುದೇನು? ಗುಂಡಿ ಹಚ್ಚುತ್ತಿದ್ದ ನಾದಿನಿಯನ್ನು ಗಾಬರಿಯಿಂದ ಕರೆದಳು. ಮಾತು ಕಲಸಿಕೊಂಡು ಬಂತು.

"ಮೊದ್ಲು ಪಿನ್ನು ಉಗುಳಿ ಅತ್ತಿಗೆ, ಆಮೇಲೆ ಮಾತಾಡಿ," ನಾದಿನಿ ನಕ್ಕಳು.

ಪಿನ್ನಕ್ಕ ಬಾಯಿ ತೆರೆದು ತೋರಿಸಿದಳು. ಖಾಲಿ.

ನಾದಿನಿಯ ಕೈಲಿದ್ದ ಗುಂಡಿಗಳೆಲ್ಲ ಚೆಲ್ಲಿಹೋದವು. ಅಣ್ಣ ಬಾಯಿ ತೆರೆಯುವ ಮೊದಲೇ ಅವಳು ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದ್ದಳು.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು, ಬೇಗ ಬಂದದ್ದಕ್ಕೆ ಕರಗಿಸುವ ಔಷಧಿ ಕೊಡಲಾಯಿತು ಎಂದರು ಡಾಕ್ಟರಮ್ಮ. ಮುಖ ಮರಗಟ್ಟುವುದಕ್ಕೆ ಹಲ್ಲಿನ ಸೋಂಕು, ನರದ ತೊಂದರೆ, ಸರ್ಪಸುತ್ತು, ಅರೆತಲೆನೋವು ಹೀಗೆ ಕಾರಣ ನೂರೆಂಟು, ಅವನ್ನೂ ತೋರಿಸಿಕೊಳ್ಳಲೇಬೇಕು. ಆದರೆ ಇದ್ದಕ್ಕಿದ್ದಂತೆ ಒಂದೇ ಪಕ್ಕ ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಆ ಕ್ಷಣವೇ ಓಡಿ ಬರಬೇಕು. ತಾನಾಗಿ ಸರಿಹೋದರೂ ಬರಬೇಕು.

"ಮಲಗಿಸಿದ್ರೆ ಏನಾಗ್ತಿತ್ತು ಗೊತ್ತಾ?" ಎಂದು ಆಕೆ ಗಂಡನನ್ನೇ ನೋಡಿ ಕೇಳಿದರು.

ಕೆಲವು ದಿನಗಳ ಮೇಲೆ, ಆಸ್ಪತ್ರೆಯ ಹಾಸಿಗೆಯಲ್ಲೇ, ನಾದಿನಿ ಅವಳ ಬಲಗೈಗೆ ಒಂದು ಪಿನ್ನು ಕೊಟ್ಟಳು. ಬಿತ್ತು. ಮತ್ತೆ ಕೊಟ್ಟಳು, ಈ ಸಲ ಬೆರಳುಗಳು ನಡುಗುತ್ತಲೇ ಹಿಡಿದವು. ಪಿನ್ನಕ್ಕ ಪಕ್ಕದಲ್ಲಿದ್ದ ಗಂಡನ ಅಂಗೈಗೆ ಮೆಲ್ಲಗೆ ಚುಚ್ಚಿದಳು.

"ನೋವಾಯ್ತಾ?"

"ಆಯ್ತು ಕಣೆ."

"ಹಾಗಾದ್ರೆ ನಿಮಗೇನೂ ಆಗಿಲ್ಲ," ಅವಳು ಒಂದೊಂದೇ ಪದ ಹೆಕ್ಕಿ ಹೇಳಿದಳು. "ಹೋಗಿ ಮಲಗಿ."